ಸದ್ದಿಲ್ಲದ ಮೊಳೆ

ಬೆಳಗ್ಗೆ ನಾವಿಕರು ಬಂದಿದ್ದರು, ನಾಲ್ಕು ಜನ,
ತೋಳಿಗೆ ಕೆಂಪು ಪಟ್ಟಿ, ಬೂಟಿನಲ್ಲಿ ನೆವಾ ದಂಡೆಯ ಕೆಸರು.
ಕೇಳಿದ್ದು ಹಣವಲ್ಲ, ಗೋಡೆಯ ಗಡಿಯಾರವೂ ಅಲ್ಲ,
ಒಂದು ಅಕ್ಷರ.
"ಎಲ್ಲ ಖಾನೆಗಳಿಂದ ಸುರಿ ಅಜ್ಜ, ಒಂದೂ ಬಿಡಬೇಡ.
ದನಿಯಿಲ್ಲದವಕ್ಕೆ ಹೊಸ ಕಾಲದಲ್ಲಿ ಕೂಳಿಲ್ಲ."

ಸುರಿದೆ. ಗೋಣಿಯೊಳಗೆ ಆಲಿಕಲ್ಲಿನಂತೆ ಬಿದ್ದವು.
ಇವನ್ನು ಹೆಕ್ಕಿ ಹೆಕ್ಕಿಯೇ ನನ್ನ ಹೆಬ್ಬೆರಳು ಸವೆದದ್ದು.
ನಮ್ಮ ಬರಹದಲ್ಲಿ ಪದದ ಕೊನೆಗೆ ನಿಲ್ಲುವ ಅಕ್ಷರ ಇದು,
ಬಾಯಿಗೆ ಬರುವುದಿಲ್ಲ, ಕಿವಿಗೆ ಬೀಳುವುದಿಲ್ಲ,
ಊಟಕ್ಕೆ ಯಾರೂ ಏಳಿಸದ ದೂರದ ನೆಂಟ.
ರೊಟ್ಟಿಯ ಹಿಂದೆ ಇತ್ತು, ಮನೆಯ ಹಿಂದೆ ಇತ್ತು,
ಅಣ್ಣನ ಹಿಂದೆ, ಪ್ರಶ್ನೆಯ ಹಿಂದೆ.
ದೇವರು ಎಂಬ ಪದ ನಮ್ಮಲ್ಲಿ ಬಲು ಚಿಕ್ಕದು,
ಅದೂ ಇದಕ್ಕೇ ಒರಗಿ ನಿಂತಿತ್ತು.

ನನಗಾಗ ಹತ್ತೊಂಬತ್ತು. ಫೊಂಟಾಂಕಾ ಕಾಲುವೆಯ ಪಕ್ಕ
ಲಾಡಿಗಿನ್ ಸಾಹುಕಾರನ ಅಚ್ಚುಕೂಟ.
ಅವೆರ್ಕಿ ಇಗ್ನಾತ್ಯೆವಿಚ್ ತಿಂಗಳು ತಿಂಗಳು ಕಂತಿನಲ್ಲಿ
ಕಾದಂಬರಿ ಬರೆಯುತ್ತಿದ್ದರು, ನಾನು ಮೊಳೆ ಜೋಡಿಸುತ್ತಿದ್ದೆ,
ಅವರ ದುಃಖವನ್ನೆಲ್ಲ ತಲೆಕೆಳಗಾಗಿ, ಕನ್ನಡಿಯಲ್ಲಿ ಓದುತ್ತ.
ಲುಕ್ಯಾನ್ ಅಂತ ಅದರಲ್ಲೊಬ್ಬ ಭೂಮಾಪಕ.
ಅವನ ಅಣ್ಣನನ್ನು ಚಾವಟಿಯಲ್ಲಿ ಕೊಂದ ಜಮೀನ್ದಾರ
ಈಗ ತಾನೇ ಸಾಯುತ್ತ ಮಲಗಿದ್ದಾನೆ,
ಕ್ಷಮಿಸು ಅನ್ನುತ್ತಾನೆ.
ಸತ್ತವನ ಪರವಾಗಿ ಬದುಕಿದ್ದವನು ಕ್ಷಮಿಸಬಹುದೇ?
ಮೂರು ಸಂಪುಟ ಇದೊಂದೇ ಪ್ರಶ್ನೆ.
ಊರಿಗೆ ಊರೇ ಉತ್ತರಕ್ಕೆ ಕಾದಿತ್ತು,
ನಮ್ಮ ಬೀದಿಯ ಸೌದೆ ಮಾರುವವನೂ ಸೇರಿ.

ಉತ್ತರ ಬಂತು, ಹತ್ತೊಂಬತ್ತು ಹಾಳೆ, ಇಕ್ಕಟ್ಟಿನ ಅಕ್ಷರ.
ಬೆಳಗಾದರೆ ಸಂಚಿಕೆ ಹೊರಡಬೇಕು,
ಉಳಿದ ಪುಟಗಳೆಲ್ಲ ಚೌಕಟ್ಟಿನಲ್ಲಿ ಬಿಗಿದು ಕೂತಿವೆ.
ನನ್ನ ಖಾನೆಯಲ್ಲಿ ಸದ್ದಿಲ್ಲದ ಮೊಳೆ
ಲೆಕ್ಕಕ್ಕೆ ನಲವತ್ತೊಂದು.

ನಡುರಾತ್ರಿ ಅವರೇ ಬಂದರು.
ಹಲ್ಲುನೋವು, ಕೆನ್ನೆಗೆ ಹೆಂಡತಿಯ ಕರವಸ್ತ್ರ ಕಟ್ಟಿಕೊಂಡು,
ತುಪ್ಪಳದ ಕಾಲರಿನಿಂದ ಕರ್ಪೂರದ ವಾಸನೆ.
"ಎಷ್ಟಿದೆ?" ಅಂದರು. ಹೇಳಿದೆ.
ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.
ಕಾಗದದ ಕಟ್ಟಿನ ಮೇಲೆ ಕೂತು
ಹತ್ತೊಂಬತ್ತು ಹಾಳೆಯನ್ನೂ ಒಂದೊಂದಾಗಿ ಒಲೆಗೆ ಕೊಟ್ಟರು,
ಚಳಿಗೆ ಕೈ ಕಾಯಿಸಿಕೊಂಡರು ಕೂಡ.
ಆಮೇಲೆ ನನ್ನ ಪೆನ್ಸಿಲ್ ತೆಗೆದುಕೊಂಡು ಹನ್ನೊಂದು ಸಾಲು:
ಲುಕ್ಯಾನ್ ಎದ್ದ. ಹೂಜಿಯಿಂದ ನೀರು ಬಗ್ಗಿಸಿದ.
ಮುದುಕನ ತಲೆ ಎತ್ತಿ ಹಿಡಿದು ಕುಡಿಸಿದ.
ತುಟಿ ಒರೆಸಿದ. ಲೋಟವನ್ನು ಕಿಟಕಿಯ ಮೇಲಿಟ್ಟ.
ಹೊರಗೆ ಕುದುರೆಗಳ ಮೇಲೆ ಹಿಮ ಕೂರುತ್ತಿತ್ತು.
ಅಷ್ಟೇ.

ಜೋಡಿಸಿ ಮುಗಿಸಿ, ತಡೆಯಲಾರದೆ ಕೇಳಿದೆ,
"ಹಾಗಾದರೆ ಕ್ಷಮಿಸಿದನಾ, ಸ್ವಾಮಿ?"
ಅವರು ಖಾನೆಯೊಳಗೆ ಬಗ್ಗಿ ನೋಡಿದರು.
"ಈಗ ಎಷ್ಟು ಉಳಿದವು?"
"ಎರಡು."
"ನೀನೇ ಇಟ್ಟುಕೋ."

ಆ ಮೌನದ ಮೇಲೆ ಪಂಡಿತರು ಪುಸ್ತಕ ಬರೆದರು.
ಅದು ಪ್ರಾರ್ಥನೆ ಅಂದ ಮಾಸ್ಕೋದವನೊಬ್ಬ,
ದೇವರಿಲ್ಲದ ಲೋಕದ ಬರಿದು ಅಂದ ಇನ್ನೊಬ್ಬ.
ಎಲ್ಲದಕ್ಕೂ ಮೊಳೆ ಜೋಡಿಸಿದವನು ನಾನೇ.
ರಾತ್ರಿ ಒಬ್ಬನೇ ನಗುತ್ತಿದ್ದರೆ ಫೆವ್ರೋನ್ಯ ಎದ್ದು
ಹಣೆ ಮುಟ್ಟಿ ನೋಡುತ್ತಿದ್ದಳು, ಜ್ವರವೇನೋ ಅಂತ.
ಒಮ್ಮೊಮ್ಮೆ ನಗು ಬರುತ್ತಿರಲಿಲ್ಲ.
ಒಲೆಗೆ ಹೋದದ್ದರಲ್ಲಿ ಏನಿತ್ತು?
ಮೊದಲ ನಾಲ್ಕು ಪುಟ ಓದಿದವನು ನಾನೊಬ್ಬನೇ.
ಸರಿಯಾಗಿಯೇ ಇತ್ತು. ತುಂಬಾ ಸರಿಯಾಗಿತ್ತು.

ಈಗ ಗೋಣಿಯ ಬಾಯಿ ಬಿಗಿಯುತ್ತ
ಮೀಸೆ ಮೂಡದ ನಾವಿಕನೊಬ್ಬ ಕೇಳಿದ, "ಇಷ್ಟೇನಾ?"
ನಶ್ಯದ ಡಬ್ಬಿ ತೆರೆದು ತೋರಿಸಿದೆ, ಖಾಲಿ.
ಜೇಬು ಹೊರಗೆಳೆದು ತೋರಿಸಿದೆ.
"ಬಾಯಿಬಿಟ್ಟು ಹೇಳೋ ಮುದುಕ, ಇಷ್ಟೇನಾ?"
ನಾಲಿಗೆಯಡಿ ಎರಡು ಮೊಳೆ,
ಸೀಸ ಸಿಹಿ, ಯಾರಿಗೂ ಗೊತ್ತಿಲ್ಲ ಎಷ್ಟು ಸಿಹಿ.
ತಲೆಯಾಡಿಸಿದೆ.